ಕಾಫಿ ಕೊಯ್ಲಿನ ನಡುವೆ ಹೊಸ ವರ್ಷ: ದೇವರಿಗೆ ಮೊದಲ ಜಾಗ ಕೊಡುವುದು ಹೇಗೆ?

ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಹೊಸ ವರ್ಷ ಬರುವುದೇ ಕೆಲಸದ ನಡುವೆ. ಡಿಸೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಜೋರಾಗಿರುತ್ತದೆ. ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಹಣ್ಣಾಗಿ ನಿಂತಿರುತ್ತದೆ. ಕಣದಲ್ಲಿ ಕಾಫಿ ಹರಡಿರುತ್ತದೆ, ಮೋಡ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಇದರ ನಡುವೆ 31ರ ರಾತ್ರಿ ಎಲ್ಲರೂ ಸ್ವೆಟರ್ ಹಾಕಿಕೊಂಡು ಚರ್ಚಿಗೆ ಹೋಗುತ್ತೇವೆ. ಗಂಟೆ ಬಾರಿಸುತ್ತದೆ, ಕೈ ಕುಲುಕುತ್ತೇವೆ, ಕೇಕ್ ತಿನ್ನುತ್ತೇವೆ. ಈ ವರ್ಷ ದಿನಾ ಬೈಬಲ್ ಓದಬೇಕು, ದಿನಾ ಪ್ರಾರ್ಥನೆ ಮಾಡಬೇಕು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡುತ್ತೇವೆ. ಬೆಳಿಗ್ಗೆ ಎದ್ದರೆ ಎಷ್ಟು ಆಳು ಬಂದರು ಅನ್ನುವ ಲೆಕ್ಕ. ಜನವರಿ ಹತ್ತರ ಹೊತ್ತಿಗೆ ಆ ತೀರ್ಮಾನ ಎಲ್ಲಿ ಹೋಯಿತೋ ಗೊತ್ತಿರುವುದಿಲ್ಲ.

ಭಕ್ತಿ ಕಡಿಮೆಯಾಗಿ ಹೀಗಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ವರ್ಷದ ಅತಿ ಹೆಚ್ಚು ಕೆಲಸದ ತಿಂಗಳಲ್ಲಿ ವರ್ಷದ ಅತಿ ದೊಡ್ಡ ಹೊರೆ ಹೊತ್ತುಕೊಳ್ಳುತ್ತೇವೆ. ಯಾವುದನ್ನೂ ಕೆಳಗಿಳಿಸುವುದಿಲ್ಲ. ಹೊಸ ತೀರ್ಮಾನ ಹತ್ತರ ಜೊತೆ ಹನ್ನೊಂದಾಗುತ್ತದೆ ಅಷ್ಟೇ. ಹಾಗಾಗಿ ನಾನು ಹೇಳುವುದು ಇಷ್ಟು: ಮೊದಲು ಕೆಲವನ್ನು ಕೈಬಿಡಿ. ಮೂರನ್ನು ಮಾತ್ರ ಇಟ್ಟುಕೊಳ್ಳಿ. ಅವನ್ನು ನಾವು ನಿಜವಾಗಿ ಬದುಕುವ ವರ್ಷಕ್ಕೆ ಹೊಂದಿಸಿ. ಜನವರಿಯಲ್ಲಿ ಚಿಕ್ಕದು ಸಾಕು, ದೊಡ್ಡದನ್ನು ಮಳೆಗಾಲಕ್ಕೆ ಇಡಿ. ಕಥೋಲಿಕರಿಗೂ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟ್) ಸಭೆಯವರಿಗೂ, ಎನ್.ಆರ್.ಪುರ (ನರಸಿಂಹರಾಜಪುರ) ಕಡೆಯ ಮಲಯಾಳಿ ಕುಟುಂಬಗಳಿಗೂ ಆಗುವ ಹಾಗೆ ಬರೆದಿದ್ದೇನೆ. ಪದಗಳು ಬೇರೆ ಬೇರೆ ಇರಬಹುದು, ಕಷ್ಟ ಎಲ್ಲರದೂ ಒಂದೇ.

ಮೊದಲ ಹೆಜ್ಜೆ: ಹಿಂದಿನ ವರ್ಷದ ಲೆಕ್ಕ ನೋಡಿ

ಕ್ರಿಸ್ಮಸ್ ಮುಗಿದು ಹೊಸ ವರ್ಷ ಬರುವ ಮುಂಚೆ ಆರು ದಿನ ಸಿಗುತ್ತದೆ. ಅದರಲ್ಲಿ ಒಂದು ಸಂಜೆ, ಒಂದೇ ಒಂದು ಗಂಟೆ ಎತ್ತಿಡಿ. ಒಂದು ನೋಟ್‌ಬುಕ್, ಒಂದು ಪೆನ್ನು, ನಿಮ್ಮ ಫೋನು ಇದ್ದರೆ ಸಾಕು.

ಫೋನು ಯಾಕೆ ಅಂದರೆ, ನಾವು ಯಾವುದಕ್ಕೆ ಮೊದಲ ಜಾಗ ಕೊಟ್ಟಿದ್ದೇವೆ ಅನ್ನುವುದು ನಮಗಿಂತ ಚೆನ್ನಾಗಿ ಅದಕ್ಕೆ ಗೊತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಸ್ಕ್ರೀನ್ ಟೈಮ್ ತೆರೆಯಿರಿ. ಯಾವ ಆ್ಯಪಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಹೋಗಿದೆ ಅಂತ ಬರೆದುಕೊಳ್ಳಿ. ಆಮೇಲೆ ಫೋನ್‌ಪೇ ಅಥವಾ ಗೂಗಲ್ ಪೇ ಹಿಸ್ಟರಿ ನೋಡಿ. ದುಡ್ಡು ಎಲ್ಲಿಗೆ ಹೋಯಿತು? ನಮ್ಮ ಗಂಟು ಎಲ್ಲಿದೆಯೋ ಮನಸ್ಸೂ ಅಲ್ಲೇ ಇರುತ್ತದೆ ಅಂತ ಯೇಸು ಹೇಳಿದ್ದು (ಮತ್ತಾಯ 6:21) ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇದನ್ನು ನೋಡಿ ಬೇಜಾರಾಗುತ್ತದೆ. ಆಗಲಿ. ಆದರೆ ಬೇಜಾರಿನಲ್ಲೇ ಕೂರಬೇಡಿ. ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟ ಆತ್ಮಪರಿಶೋಧನೆಯ ಕ್ರಮ ಇಲ್ಲಿ ತುಂಬಾ ಸಹಾಯ ಮಾಡುತ್ತದೆ. ಅದರಲ್ಲಿ ಐದು ಹಂತ ಇವೆ. ಮೊದಲು ಕೃತಜ್ಞತೆ. ಆಮೇಲೆ ಬೆಳಕು ಕೊಡು ಅಂತ ದೇವರನ್ನು ಕೇಳುವುದು. ಆಮೇಲೆ ನಡೆದದ್ದನ್ನು ಒಂದೊಂದಾಗಿ ನೋಡುವುದು. ನಾಲ್ಕನೆಯದು ಕ್ಷಮೆ ಕೇಳುವುದು. ಕೊನೆಯದು ಮುಂದೇನು ಅಂತ ತೀರ್ಮಾನಿಸುವುದು. ಇದು ದಿನದ ಪರಿಶೀಲನೆಗೆ ಮಾಡಿದ ಕ್ರಮ, ಆದರೆ ವರ್ಷಕ್ಕೂ ಒಗ್ಗುತ್ತದೆ. ಕೃತಜ್ಞತೆ ಮೊದಲು ಬರುವುದು ಬಹಳ ಮುಖ್ಯ. ಲೆಕ್ಕ ಹಾಕಲು ಕೂತರೆ ನಮಗೆ ಮೊದಲು ಕಾಣುವುದು ಬಾಕಿಯೇ ಅಲ್ವಾ? ಹಾಗಾಗಿ ಮೊದಲ ಪುಟದಲ್ಲಿ ಬರೀ ಸಿಕ್ಕಿದ್ದನ್ನು ಬರೆಯಿರಿ. ಗುಣವಾದ ಕಾಯಿಲೆ, ತೀರಿದ ಸಾಲ, ಮಾತು ಬಿಟ್ಟಿದ್ದ ಅಣ್ಣ ಮದುವೆಗೆ ಬಂದದ್ದು, ಇಂಥವು.

ಎರಡನೇ ಹೆಜ್ಜೆ: ಏನನ್ನು ಬಿಡಬೇಕು ಅಂತ ಬರೆಯಿರಿ

ತೋಟ ಇರುವವರಿಗೆ ಕಪಾತು ಅಂದರೆ ವಿವರಿಸಬೇಕಾಗಿಲ್ಲ. ಕೊಯ್ಲು ಮುಗಿದ ಮೇಲೆ ಗಿಡದ ಒಣಗಿದ ರೆಕ್ಕೆ, ಅಂದರೆ ಅಡ್ಡ ಕೊಂಬೆ, ತೆಗೆಯುತ್ತೇವೆ. ಕಾಂಡದಿಂದ ನೇರ ಮೇಲಕ್ಕೆ ಏಳುವ, ಹಸಿರಾಗಿಯೇ ಇರುವ ಕಂಬಚಿಗುರನ್ನೂ ಮುರಿಯುತ್ತೇವೆ. ಹೊಸದಾಗಿ ಬಂದವರಿಗೆ ಈ ಎರಡನೆಯದು ಅರ್ಥವಾಗುವುದಿಲ್ಲ. ಚೆನ್ನಾಗಿ ಬೆಳೆದಿದೆಯಲ್ಲ, ಯಾಕೆ ಮುರಿಯುತ್ತೀರಿ ಅಂತ ಕೇಳುತ್ತಾರೆ. ಅದು ಗಿಡದ ಬಲವನ್ನೆಲ್ಲ ಎಳೆದುಕೊಳ್ಳುತ್ತದೆ, ಫಸಲು ಕೊಡುವುದಿಲ್ಲ, ಅದಕ್ಕೆ. ಯೋಹಾನ 15ರಲ್ಲಿ ಯೇಸು ಹೇಳುವ ತೋಟಗಾರನೂ ಫಲ ಕೊಡುವ ಕೊಂಬೆಯನ್ನೇ ಶುದ್ಧಿ ಮಾಡುತ್ತಾನೆ, ಇನ್ನೂ ಹೆಚ್ಚು ಫಲ ಕೊಡಲಿ ಅಂತ.

ಕೆಟ್ಟ ಅಭ್ಯಾಸ ಬಿಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಮೊಬೈಲಿನ ರೀಲ್ಸ್, ಕುಡಿತ, ಇಸ್ಪೀಟು, ಹೊಟ್ಟೆಕಿಚ್ಚಿನ ಮಾತು, ಇವನ್ನು ಬರೆಯಿರಿ. ಕಷ್ಟ ಇರುವುದು ಹಸಿರು ಚಿಗುರಿನಲ್ಲಿ. ನಾಲ್ಕು ಕಮಿಟಿಯಲ್ಲಿ ಇರುತ್ತೇವೆ, ಎರಡರಲ್ಲಿ ಸುಮ್ನೆ ಕುರ್ಚಿ ತುಂಬಿಸಲು. ಹದಿನೈದು ವಾಟ್ಸಾಪ್ ಪ್ರಾರ್ಥನಾ ಗುಂಪಿನಲ್ಲಿ ಇರುತ್ತೇವೆ. ಎಲ್ಲದಕ್ಕೂ 'ಆಮೆನ್' ಒತ್ತುತ್ತೇವೆ, ಒಬ್ಬರಿಗಾಗಿಯೂ ಮೊಣಕಾಲೂರುವುದಿಲ್ಲ. ಬೆಳಿಗ್ಗೆಯಿಂದ ಸಂದೇಶದ ವಿಡಿಯೋ ಕೇಳುತ್ತೇವೆ, ಸತ್ಯವೇದ (ಬೈಬಲ್) ತೆರೆಯುವುದಿಲ್ಲ. ಇವೆಲ್ಲ ಒಳ್ಳೆಯವೇ. ಆದರೆ ಯೇಸು ಮನೆಗೆ ಬಂದಾಗ ಕೆಲಸದಲ್ಲೇ ಮುಳುಗಿದ್ದ ಮಾರ್ಥಳ ಅಡುಗೆಯೂ ಒಳ್ಳೆಯದೇ ಆಗಿತ್ತು. ಯೇಸು ಆಕೆಗೆ ಹೇಳಿದ್ದು, ನೀನು ಅನೇಕ ವಿಷಯಗಳ ಚಿಂತೆಯಲ್ಲಿದ್ದೀಯ, ಬೇಕಾದದ್ದು ಒಂದೇ ಅಂತ (ಲೂಕ 10:41-42).

ಕಾಗದದಲ್ಲಿ ಎರಡು ಸಾಲು ಸಾಕು. ಒಂದು ಕೆಟ್ಟದ್ದು, ಒಂದು ಒಳ್ಳೆಯದಾದರೂ ನನ್ನ ಪಾಲಿನದಲ್ಲದ್ದು. ಕಮಿಟಿ ಬಿಡುವುದಾದರೆ ಜನವರಿಯಲ್ಲೇ ಅಯ್ಯನವರಿಗೋ ಫಾದರಿಗೋ ಮುಖಾಮುಖಿ ಹೇಳಿ. ಹೇಳದೆ ತಪ್ಪಿಸಿಕೊಂಡು ಓಡಾಡುವುದು ಬೇಡ.

ಮೂರನೇ ಹೆಜ್ಜೆ: ಮೂರೇ ಸಾಲು

ಈಗ ಇಟ್ಟುಕೊಳ್ಳುವುದನ್ನು ಬರೆಯಿರಿ. ದೇವರ ಜೊತೆ ಒಂದು, ಮನೆಯವರ ಜೊತೆ ಒಂದು, ನೆರೆಯವರ ಜೊತೆ ಒಂದು. ಪ್ರತಿ ಸಾಲಿನಲ್ಲೂ ಯಾವಾಗ, ಎಲ್ಲಿ, ಯಾರ ಜೊತೆ ಅನ್ನುವುದು ಇರಬೇಕು. 'ದೇವರಿಗೆ ಹತ್ತಿರವಾಗಬೇಕು' ಅನ್ನುವುದು ಆಸೆ. 'ಕಣಕ್ಕೆ ಇಳಿಯುವ ಮುಂಚೆ, ಹಿಂದಿನ ಜಗಲಿಯಲ್ಲಿ, ಹತ್ತು ನಿಮಿಷ' ಅನ್ನುವುದು ತೀರ್ಮಾನ. ಮನೆಯ ಸಾಲಿಗೆ ಉದಾಹರಣೆ: ಭಾನುವಾರ ರಾತ್ರಿ ಊಟಕ್ಕೆ ಫೋನಿಲ್ಲ, ಊಟ ಮುಗಿದ ಮೇಲೆ ಎಲ್ಲರೂ ಸೇರಿ ಒಂದು ಕೀರ್ತನೆ ಓದುವುದು. ನೆರೆಯವರ ಸಾಲಿನ ಬಗ್ಗೆ ಕೆಳಗೆ ಜಾಸ್ತಿ ಹೇಳುತ್ತೇನೆ. ನಾವು ಹೆಚ್ಚಾಗಿ ಮರೆಯುವುದು ಅದನ್ನೇ.

ಹೊಸ ವರ್ಷದ ವಾಗ್ದಾನ ವಾಕ್ಯದ ಬಗ್ಗೆ ಇಲ್ಲೇ ಒಂದು ಮಾತು. ಅನೇಕ ಸಭೆಗಳಲ್ಲಿ ವಾಚ್ ನೈಟ್ ದಿನ, ಅಂದರೆ 31ರ ರಾತ್ರಿಯ ಆರಾಧನೆಯಲ್ಲಿ, ಬೈಬಲಿನ ವಾಕ್ಯ ಬರೆದ ಒಂದು ಚೀಟಿಯನ್ನು ತಟ್ಟೆಯಿಂದ ಎತ್ತುತ್ತೇವೆ. ಅದು ಸವಿಯಾದ ಪದ್ಧತಿ, ನನಗೂ ಇಷ್ಟ. ಆದರೆ ಅದನ್ನು ವರ್ಷಭವಿಷ್ಯದ ಹಾಗೆ ಓದಬೇಡಿ. ವಾಕ್ಯ ಸಿಕ್ಕಿದ ತಕ್ಷಣ ಆ ಇಡೀ ಅಧ್ಯಾಯ ತೆರೆದು ಓದಿ. ಒಳ್ಳೆಯ ಭವಿಷ್ಯದ ವಾಗ್ದಾನ ಇರುವ ಯೆರೆಮೀಯ 29:11ರ ಚೀಟಿ ಯಾರಿಗೆ ಸಿಕ್ಕರೂ ಖುಷಿಯೇ. ಅದರ ಹಿಂದಿನ ವಚನದಲ್ಲಿ ಬಾಬೆಲಿನ ಸೆರೆಯ ಎಪ್ಪತ್ತು ವರ್ಷ ಇದೆ. ಇನ್ನೂ ಮೇಲೆ, ಆ ಊರಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅನ್ನುವ ಆಜ್ಞೆ ಇದೆ. ವಾಗ್ದಾನ ಬೇಕು ಅಂದರೆ ಆಜ್ಞೆಯೂ ಜೊತೆಗೆ ಬೇಕು.

ನಾಲ್ಕನೇ ಹೆಜ್ಜೆ: ನಮ್ಮ ವರ್ಷಕ್ಕೆ ಹೊಂದಿಸಿ

ಇಡೀ ಬೈಬಲನ್ನು ಒಂದು ವರ್ಷದಲ್ಲಿ ಓದುವ ಪಟ್ಟಿ ಹೊಸ ವರ್ಷಕ್ಕೆ ಎಲ್ಲರ ಫೋನಿಗೂ ಬರುತ್ತದೆ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 1,189 ಅಧ್ಯಾಯಗಳು. ದಿನಕ್ಕೆ ಮೂರಕ್ಕಿಂತ ಜಾಸ್ತಿ. ಕಥೋಲಿಕ ಬೈಬಲಿನಲ್ಲಿ ಇನ್ನೂ ಹೆಚ್ಚು. ಇಂಥ ಪಟ್ಟಿಗಳಲ್ಲಿ ಹೆಸರುವಾಸಿಯಾದದ್ದು ಸ್ಕಾಟ್ಲೆಂಡಿನ ಪಾಸ್ಟರ್ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಗಾಗಿ ಮಾಡಿದ್ದು. ದಿನಕ್ಕೆ ನಾಲ್ಕು ಭಾಗ ಓದಬೇಕು. ಆದರೆ ಅವರೇ ಅದರ ಜೊತೆಗೆ ಎಚ್ಚರಿಕೆಯನ್ನೂ ಬರೆದಿದ್ದರು. ಓದು ಬರೀ ಶಾಸ್ತ್ರಕ್ಕೆ ಆಗಬಹುದು. ಪಟ್ಟಿ ಮುಗಿಸಿದೆ ಅನ್ನುವ ಹಮ್ಮು ಬರಬಹುದು. ಕೆಲವರಿಗೆ ಅದು ಹೊರಲಾರದ ನೊಗವಾಗಬಹುದು. ಈ ಎಚ್ಚರಿಕೆ ನಮ್ಮ ಫೋನಿಗೆ ಬರುವ ಪಟ್ಟಿಯಲ್ಲಿ ಇರುವುದಿಲ್ಲ.

ಕೊಯ್ಲಿನ ಕಾಲದಲ್ಲಿ ಆ ನೊಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬದಲಿಗೆ ಹೀಗೆ ಮಾಡಿ ನೋಡಿ.

ಜನವರಿಯಲ್ಲಿ ಯಾಕೋಬನ ಪತ್ರ ಒಂದೇ. ಐದು ಅಧ್ಯಾಯ, 108 ವಚನ. ದಿನಕ್ಕೆ ಮೂರೋ ನಾಲ್ಕೋ ವಚನ ಆಗುತ್ತದೆ. ಒಲೆಯ ಮೇಲೆ ಕಾಫಿ ನೀರು ಕುದಿಯುವಷ್ಟರಲ್ಲಿ ಓದಿ ಮುಗಿಯುತ್ತದೆ. ಆ ನಾಲ್ಕು ವಚನವನ್ನು ದಿನವಿಡೀ ಮನಸ್ಸಿನಲ್ಲಿ ಇಟ್ಟುಕೊಂಡು ತೋಟ ಸುತ್ತಬಹುದು.

ಪ್ರಾರ್ಥನೆಗೂ ಅಷ್ಟೇ. ಹಳೆಯ ಕ್ರೈಸ್ತರ 'ದಿದಾಖೆ' ಎಂಬ ಪುಟ್ಟ ಗ್ರಂಥದಲ್ಲಿ ಒಂದು ಸರಳ ನಿಯಮ ಇದೆ: ಕರ್ತನು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ. ಕೊಯ್ಲಿನ ಎರಡು ತಿಂಗಳು ಇಷ್ಟೇ ಮಾಡಿದರೂ ಸಾಕು. ಬೆಳಿಗ್ಗೆ ಆಳುಗಳನ್ನು ಸಾಲಿಗೆ ಬಿಡುವ ಮುಂಚೆ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ, ರಾತ್ರಿ ಮಲಗುವಾಗ. ನಿಧಾನವಾಗಿ, ಒಂದೊಂದು ಸಾಲಿಗೂ ಉಸಿರು ಬಿಟ್ಟು ಹೇಳಿ. ಕೊಂಕಣಿ ಮನೆಗಳಲ್ಲಿ ಸಂಜೆ ತೆರ್ಸ್ (ಜಪಮಾಲೆ) ಹೇಳುವ ರೂಢಿ ಇನ್ನೂ ಇದ್ದರೆ ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ತಾತ-ಅಜ್ಜಿ ಕಟ್ಟಿಕೊಟ್ಟ ಇಂಥ ಅಭ್ಯಾಸವನ್ನು ಮತ್ತೆ ಹೊಸದಾಗಿ ಕಟ್ಟುವುದು ಬಹಳ ಕಷ್ಟ.

ಆಮೇಲೆ ತಪಸ್ಸುಕಾಲ, ಬೂದಿ ಬುಧವಾರದಿಂದ ಈಸ್ಟರ್ ತನಕದ ಉಪವಾಸದ ದಿನಗಳು. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಈಸ್ಟರ್ ಮಾರ್ಚ್ 28ಕ್ಕೆ ಬರುತ್ತದೆ. ನಡುವೆ 46 ದಿನ. ನಾಲ್ಕು ಸುವಾರ್ತೆಗಳಲ್ಲಿ ಒಟ್ಟು 89 ಅಧ್ಯಾಯ. ದಿನಕ್ಕೆ ಎರಡರಂತೆ ಓದಿದರೆ ಈಸ್ಟರ್ ಹೊತ್ತಿಗೆ ನಾಲ್ಕೂ ಮುಗಿದು ಎರಡು-ಮೂರು ಅಧ್ಯಾಯದ ಬಿಡುವೂ ಸಿಗುತ್ತದೆ. ರೊಬಸ್ಟಾ ಮುಗಿಯುತ್ತಾ ಬಂದಿರುತ್ತದೆ, ಕಾಳುಮೆಣಸಿನ ಕೊಯ್ಲು ನಡೆದಿರುತ್ತದೆ, ಆದರೂ ಡಿಸೆಂಬರಿನ ಧಾವಂತ ಇರುವುದಿಲ್ಲ. ಕಣ್ಣು ಮಂಜಾದವರು ಬೈಬಲ್ ಆ್ಯಪಿನಲ್ಲಿ ಕನ್ನಡ ಆಡಿಯೋ ಕೇಳಬಹುದು.

ಏಪ್ರಿಲ್, ಮೇ ತಿಂಗಳಿಗೆ ದೊಡ್ಡ ಯೋಜನೆ ಇಡಬೇಡಿ. ಮದುವೆ, ನೆಂಟರು, ಮಕ್ಕಳ ರಜೆ. ಮಕ್ಕಳನ್ನು ವಿ.ಬಿ.ಎಸ್.ಗೆ (ಚರ್ಚಿನ ರಜಾ ಬೈಬಲ್ ಶಾಲೆ) ಕಳಿಸಿ, ಅವರು ಕಲಿತ ಹಾಡನ್ನು ರಾತ್ರಿ ಮನೆಯಲ್ಲಿ ಹಾಡಿಸಿ. ಸಾಕು.

ಮಳೆಗಾಲವೇ ನಮ್ಮ ನಿಜವಾದ ಓದಿನ ಕಾಲ. ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ. ಜೂನ್ ಬಂದರೆ ಮಲೆನಾಡಿನಲ್ಲಿ ಸಂಜೆ ಐದಕ್ಕೇ ಕತ್ತಲೆ ಕವಿದ ಹಾಗಿರುತ್ತದೆ. ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಟಿವಿ ಇಲ್ಲ, ನೆಟ್‌ವರ್ಕ್ ಇಲ್ಲ, ಮನೆಯವರೆಲ್ಲ ಒಂದೇ ಕೋಣೆಯಲ್ಲಿ. ಇದನ್ನು ಶಾಪ ಅಂತ ಅಂದುಕೊಳ್ಳುತ್ತೇವೆ, ಆದರೆ ಇಂಥ ಸಂಜೆಗಳು ಬೆಂಗಳೂರಿನವರಿಗೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಜೂನ್, ಜುಲೈ, ಆಗಸ್ಟ್ ಸೇರಿ 92 ದಿನ. ಆದಿಕಾಂಡ 50 ಅಧ್ಯಾಯ, ವಿಮೋಚನಕಾಂಡ 40. ದಿನಕ್ಕೆ ಒಂದರಂತೆ ಮೂರು ತಿಂಗಳಿಗೆ ಸರಿಯಾಗಿ ಮುಗಿಯುತ್ತದೆ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮರುದಿನ ಓದುವವರು ಬದಲಾಗಲಿ. ಯೋಸೇಫನ ಕಥೆ ಬಂದಾಗ ಮಕ್ಕಳು ಇನ್ನೊಂದು ಅಧ್ಯಾಯ ಓದಿ ಅನ್ನುತ್ತಾರೆ. ವಿಮೋಚನಕಾಂಡದ ಕೊನೆಯಲ್ಲಿ ಗುಡಾರದ ಅಳತೆ ಬರುವಾಗ ಆಕಳಿಸುತ್ತಾರೆ, ಆಗ ಅವರ ಕೈಗೆ ಕಾಗದ ಕೊಟ್ಟು ಅದರ ಚಿತ್ರ ಬರೆಯಿಸಿ. ಇದಕ್ಕೆ ಮುದ್ರಿತ ಸತ್ಯವೇದವೇ ಬೇಕು, ಮತ್ತೆ ಚಾರ್ಜ್ ಆಗಿರುವ ಒಂದು ಲ್ಯಾಂಪು. ಹಳೆಯ ಬೈಬಲಿನ ಅಕ್ಷರ ಸಣ್ಣದಾದರೆ ಮೇ ತಿಂಗಳಲ್ಲೇ ದಪ್ಪಕ್ಷರದ್ದು ತಂದಿಡಿ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಹುಟ್ಟುಹಬ್ಬ) ಮುಂಚಿನ ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಇರುವವರಿಗೆ ಆ ಓದು ಅಲ್ಲಿಗೆ ಸಹಜವಾಗಿ ಸೇರಿಕೊಳ್ಳುತ್ತದೆ. ಅಕ್ಟೋಬರಿನಲ್ಲಿ, ಕೊಯ್ಲು ಶುರುವಾಗುವ ಮುಂಚೆ, ಒಂದು ದಿನದ ಧ್ಯಾನಕೂಟಕ್ಕೆ ಹೋಗಿ ಬನ್ನಿ.

ತೋಟ ಇಲ್ಲದವರೂ ಓದುತ್ತಿರುತ್ತೀರಿ. ಹಾಸನದಲ್ಲಿ ಅಂಗಡಿ, ಶಾಲೆ, ಆಸ್ಪತ್ರೆ ಡ್ಯೂಟಿ ಇರುವವರಿಗೆ ಈ ಋತುಗಳ ಲೆಕ್ಕ ಬೇರೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಓದಿದರೆ 52 ವಾರಕ್ಕೆ ಸರಿಹೋಗುತ್ತದೆ. ಉಳಿದ ಎರಡು ದಿನ ತಪ್ಪಿದ್ದನ್ನು ಓದಲು. ನಿಮ್ಮ ಕೊಯ್ಲಿನ ತಿಂಗಳು ಪರೀಕ್ಷೆಯ ಮಾರ್ಚೋ, ಲೆಕ್ಕ ಮುಗಿಸುವ ಏಪ್ರಿಲ್ಲೋ ಇರಬಹುದು. ಅದನ್ನು ಗುರುತು ಮಾಡಿ ಆಗ ಓದು ಅರ್ಧ ಮಾಡಿಕೊಳ್ಳಿ.

ಐದನೇ ಹೆಜ್ಜೆ: ಭಾನುವಾರ ಕಾಪಾಡಿಕೊಳ್ಳಿ

ಇತ್ತೀಚೆಗೆ ನಮ್ಮ ಕಡೆ ಭಾನುವಾರದ ಆರಾಧನೆಗೆ ದೊಡ್ಡ ಪೆಟ್ಟು ಕೊಟ್ಟಿರುವುದು ಹೋಮ್‌ಸ್ಟೇ. ಇದನ್ನು ದೂರಾಗಿ ಹೇಳುತ್ತಿಲ್ಲ. ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಆದರೆ ಅತಿಥಿಗಳು ಬರುವುದು ಶನಿವಾರ, ಹೊರಡುವುದು ಭಾನುವಾರ ಬೆಳಿಗ್ಗೆ. ನೀರ್‌ದೋಸೆ ಹುಯ್ಯುತ್ತಾ, ಬಿಲ್ಲು ಮಾಡುತ್ತಾ ಪೂಜೆಯ ಹೊತ್ತು ದಾಟಿಹೋಗುತ್ತದೆ.

ಇದಕ್ಕೆ ದಾರಿ ಉಂಟು. ಬುಕಿಂಗ್ ಬಂದಾಗಲೇ ಹೇಳಿಬಿಡಿ: ಭಾನುವಾರ ತಿಂಡಿ ಏಳೂವರೆಗೆ, ಆಮೇಲೆ ಮನೆಯವರು ಚರ್ಚಿಗೆ ಹೋಗುತ್ತಾರೆ, ಹನ್ನೊಂದಕ್ಕೆ ಬರುತ್ತಾರೆ, ಚೆಕೌಟ್ ಹನ್ನೆರಡಕ್ಕೆ. ಇದಕ್ಕೆ ಅತಿಥಿಗಳು ಬೇಜಾರು ಮಾಡಿಕೊಳ್ಳುವುದು ಅಪರೂಪ. ಎಷ್ಟೋ ಜನ ಗೌರವ ಕೊಡುತ್ತಾರೆ, ನಾವೂ ಬರಬಹುದಾ ಅಂತ ಕೇಳುವವರೂ ಇದ್ದಾರೆ. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಕರ್ತವ್ಯಕ್ಕೆ ಸಲ್ಲುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ಅದು ಇದೆಯಾ ಅಂತ ವಿಚಾರಿಸಿ. ಗಂಡ-ಹೆಂಡತಿ ಪಾಳಿ ಹಾಕಿಕೊಂಡು ಹೋಗುವುದು ಕೊನೆಯ ದಾರಿ ಆಗಿರಲಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಎಷ್ಟು ತಿಂಗಳಾಯಿತು ಅನ್ನುವ ಪರಿಸ್ಥಿತಿ ಬರಬಾರದು.

ಆರನೇ ಹೆಜ್ಜೆ: ತಕ್ಕಡಿಯ ಹತ್ತಿರ ನಿಂತು ನೋಡಿ

ಆತ್ಮಿಕ ಆದ್ಯತೆ ಅಂದ ಕೂಡಲೇ ಪ್ರಾರ್ಥನೆ, ಉಪವಾಸ, ಓದು ಅಂತ ಬರೆಯುತ್ತೇವೆ. ಪ್ರವಾದಿ ಮೀಕ ಕೇಳುವುದು ಬೇರೆ ಮೂರನ್ನು: ನ್ಯಾಯ, ಕರುಣೆ, ದೇವರ ಮುಂದೆ ನಮ್ರವಾದ ನಡೆ (ಮೀಕ 6:8). ಅದರಲ್ಲಿ ನ್ಯಾಯ ಮೊದಲು ಬರುತ್ತದೆ. ನಮ್ಮ ಕಡೆ ನ್ಯಾಯ ಇದೆಯೋ ಇಲ್ಲವೋ ಗೊತ್ತಾಗುವುದು ಸಂಜೆ ನಾಲ್ಕೂವರೆಗೆ, ತೂಕ ಹಾಕುವ ಜಾಗದಲ್ಲಿ.

ನೋಡಿ. ಬೆಳಿಗ್ಗೆಯಿಂದ ಕೊಯ್ದ ಹಣ್ಣಿನ ಚೀಲಗಳು ಸಾಲಾಗಿ ಬರುತ್ತವೆ. ಕೊಯ್ದವರ ಬೆರಳು ಅಂಟಂಟಾಗಿ ಕಪ್ಪಾಗಿರುತ್ತದೆ, ಕೈ ಮೇಲೆ ಚಗಳಿ ಇರುವೆ ಕಚ್ಚಿದ ಗುರುತು. ಚೀಲವನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರು ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಕೊಯ್ದವಳಿಗೆ ಆ ಅಂಕಿ ಕಾಣುವುದಿಲ್ಲ, ಕಂಡರೂ ಎಷ್ಟೋ ಸಲ ಓದಲು ಬರುವುದಿಲ್ಲ. ಚೀಲದ ತೂಕ ಅಂತ ಒಂದಿಷ್ಟು, ಎಲೆ-ಕಡ್ಡಿ ಅಂತ ಒಂದಿಷ್ಟು ಮುರಿದರೆ ಕೇಳುವವರಿಲ್ಲ. ಈಗ ಅಸ್ಸಾಂ, ಜಾರ್ಖಂಡಿನಿಂದ ಬಂದವರೂ ಲೈನ್ ಮನೆಗಳಲ್ಲಿ (ತೋಟದ ಆಳುಗಳ ಸಾಲುಮನೆ) ಇದ್ದಾರೆ. ಅವರಿಗೆ ಕನ್ನಡವೂ ಬರುವುದಿಲ್ಲ.

ಜ್ಞಾನೋಕ್ತಿ 11:1 ಮೋಸದ ತ್ರಾಸು ಯೆಹೋವನಿಗೆ ಅಸಹ್ಯ ಅನ್ನುತ್ತದೆ. ಯಾಜಕಕಾಂಡ 19:13 ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಅನ್ನುತ್ತದೆ. ಜನವರಿಯಲ್ಲಿ ಯಾಕೋಬನ ಪತ್ರ ಓದಿ ಅಂದೆನಲ್ಲ, ತಿಂಗಳ ಕೊನೆಗೆ ನೀವು ಐದನೇ ಅಧ್ಯಾಯದ ನಾಲ್ಕನೇ ವಚನಕ್ಕೆ ಬರುತ್ತೀರಿ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಅಲ್ಲಿದೆ. ಲೆಕ್ಕ ತೀರಿಸುವ ದಿನಗಳಲ್ಲೇ ಆ ವಚನ ಎದುರಿಗೆ ಬರುತ್ತದೆ.

ಹಾಗಾಗಿ ನೆರೆಯವರ ಸಾಲನ್ನು ಹೀಗೆ ಬರೆಯಬಹುದು. ವಾರಕ್ಕೆ ಒಂದು ಸಂಜೆಯಾದರೂ ತೂಕದ ಜಾಗದಲ್ಲಿ ನಾನೇ ನಿಲ್ಲುತ್ತೇನೆ. ಅಂಕಿಯನ್ನು ಗಟ್ಟಿಯಾಗಿ ಹೇಳಿಸುತ್ತೇನೆ. ತಕ್ಕಡಿಯ ಮುಖ ಕೊಯ್ದವರ ಕಡೆ ತಿರುಗಿಸುತ್ತೇನೆ. ಹೇಳಿದ ದಿನ ಬಟವಾಡೆ ಮಾಡುತ್ತೇನೆ. ಲೈನ್ ಮನೆಯ ಕಕ್ಕಸು, ಕುಡಿಯುವ ನೀರನ್ನು ಮಳೆಗೆ ಮುಂಚೆ ಸರಿ ಮಾಡಿಸುತ್ತೇನೆ. ಜಾರ್ಖಂಡಿನಿಂದ ಬಂದವರಲ್ಲಿ ಕ್ರೈಸ್ತರೂ ಇರುತ್ತಾರೆ, ಅವರನ್ನು ಕೇಳಿ ಭಾನುವಾರ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ಬೆಳೆಯ ಅಂಚನ್ನೂ ಉದುರಿದ್ದನ್ನೂ ಬಡವರಿಗೆ, ಪರದೇಶಿಗೆ ಬಿಡು ಅನ್ನುವ ಆಜ್ಞೆ (ಯಾಜಕಕಾಂಡ 19:9-10) ಕಾಫಿ ತೋಟದಲ್ಲಿ ಅಕ್ಷರಶಃ ಮಾಡಲು ಆಗುವುದಿಲ್ಲ. ನೆಲದಲ್ಲಿ ಕಾಯಿ ಬಿಟ್ಟರೆ ಕಾಯಿಕೊರಕ ಹೆಚ್ಚಾಗುತ್ತದೆ. ಆದರೆ ಉದುರು ಕಾಯಿಯನ್ನು ಆರಿಸಿ, ಅದನ್ನು ಮಾರಿದ ದುಡ್ಡನ್ನು ಆರಿಸಿದವರಿಗೇ ಪೂರ್ತಿ ಕೊಡಬಹುದಲ್ಲ? ತೋಟವೂ ಚೊಕ್ಕಟ, ಆಜ್ಞೆಯೂ ನಡೆಯುತ್ತದೆ.

ತೋಟ ಇಲ್ಲದವರಿಗೂ ಒಂದು ತಕ್ಕಡಿ ಇರುತ್ತದೆ. ಮನೆಕೆಲಸದಾಕೆಯ ಸಂಬಳ, ಅಂಗಡಿ ಹುಡುಗನ ರಜೆ, ಬಾಡಿಗೆದಾರರ ಅಡ್ವಾನ್ಸು. ಹಾಸನದ ಪಕ್ಕದಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಎರಡು ಶತಮಾನದ ಹಿಂದೆ ಬಡವರಿಗಾಗಿ ಬೇಸಾಯದ ಊರು ಕಟ್ಟಿದರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ಸುತ್ತಿದರು. ಹಾಸನದ ರೆಡ್‌ಫರ್ನ್ ಆಸ್ಪತ್ರೆ ವೆಸ್ಲಿಯನ್ ಮಿಷನ್ನಿನ ಕಾಲದ್ದು. ಈ ನೆಲದಲ್ಲಿ ಸುವಾರ್ತೆ ಬಂದದ್ದೇ ನೇಗಿಲು, ಔಷಧಿ ಹಿಡಿದುಕೊಂಡು.

ದುಡ್ಡಿನ ವಿಷಯ ಇಲ್ಲೇ ಮುಗಿಸುತ್ತೇನೆ. ಸಂಬಳದವರಿಗೆ ದಶಮಾಂಶ, ಅಂದರೆ ದೇವರಿಗೆ ಕೊಡುವ ಹತ್ತರಲ್ಲೊಂದು ಪಾಲು, ತಿಂಗಳ ಲೆಕ್ಕ. ಬೆಳೆಗಾರರಿಗೆ ದುಡ್ಡು ಬರುವುದು ವರ್ಷಕ್ಕೆ ಒಂದೆರಡು ಸಲ. ಕಾಫಿ ಮಾರಿದ ದಿನವೇ, ಸಾಲ-ಗೊಬ್ಬರದ ಲೆಕ್ಕ ತೆಗೆಯುವ ಮುಂಚೆ, ದೇವರ ಪಾಲನ್ನು ಬೇರೆ ಖಾತೆಗೆ ಹಾಕಿ. ಜ್ಞಾನೋಕ್ತಿ 3:9 ಪ್ರಥಮಫಲ ಅನ್ನುತ್ತದೆ, ಉಳಿದದ್ದು ಅನ್ನುವುದಿಲ್ಲ. ಎಷ್ಟು ಪಾಲು ಅನ್ನುವುದನ್ನು ಡಿಸೆಂಬರಿನಲ್ಲೇ ಗಂಡ-ಹೆಂಡತಿ ಕೂತು ಮಾತಾಡಿಕೊಂಡಿರಿ. ಚೆಕ್ಕು ಕೈಗೆ ಬಂದ ಮೇಲೆ ಆ ಮಾತು ಕಷ್ಟ.

ಏಳನೇ ಹೆಜ್ಜೆ: ಕೇಳುವವರೊಬ್ಬರು ಇರಲಿ

ಅಮೆರಿಕದ ಪಾಸ್ಟರ್ ಜೋನಾಥನ್ ಎಡ್ವರ್ಡ್ಸ್ ಹತ್ತೊಂಬತ್ತರ ವಯಸ್ಸಿನಲ್ಲಿ, 1722-23ರಲ್ಲಿ, 70 ತೀರ್ಮಾನಗಳನ್ನು ಬರೆದರು. ಎಪ್ಪತ್ತು ನಮಗೆ ಬೇಡ. ಆದರೆ ಅವುಗಳ ಮೇಲೆ ಅವರು ತಮಗೇ ಒಂದು ಸೂಚನೆ ಬರೆದುಕೊಂಡಿದ್ದರು, ವಾರಕ್ಕೊಮ್ಮೆ ಇವನ್ನೆಲ್ಲ ಓದಬೇಕು ಅಂತ. ಅದನ್ನು ಎತ್ತಿಕೊಳ್ಳಿ. ನಿಮ್ಮ ಮೂರು ಸಾಲನ್ನು ಶನಿವಾರ ರಾತ್ರಿ ಓದಿ.

ಇನ್ನೂ ಒಳ್ಳೆಯದು, ಒಬ್ಬರಿಗೆ ಓದಿ ಹೇಳುವುದು. ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಪರಂಪರೆ ಶುರುಮಾಡಿದ ಜಾನ್ ವೆಸ್ಲಿಯ 'ಕ್ಲಾಸ್ ಮೀಟಿಂಗ್' 1742ರಲ್ಲಿ ಬ್ರಿಸ್ಟಲಿನಲ್ಲಿ ಶುರುವಾದದ್ದು ಆರಾಧನಾ ಮಂದಿರದ ಸಾಲ ತೀರಿಸಲು. ಹನ್ನೆರಡು ಜನಕ್ಕೆ ಒಬ್ಬ ಮುಖಂಡ, ವಾರಕ್ಕೆ ಒಂದು ಪೆನ್ನಿ ಸಂಗ್ರಹ. ಮನೆಮನೆಗೆ ಹೋದಾಗ ಜನ ಹೇಗೆ ಬದುಕುತ್ತಿದ್ದಾರೆ ಅನ್ನುವುದು ಗೊತ್ತಾಯಿತು. ಆಮೇಲೆ ನಿಮ್ಮ ಆತ್ಮ ಹೇಗಿದೆ ಅಂತ ಕೇಳುವುದೇ ಮುಖ್ಯ ಕೆಲಸವಾಯಿತು. ನಮಗೆ ಹನ್ನೆರಡು ಜನ ಬೇಡ, ಒಬ್ಬರು ಸಾಕು. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು ಇದ್ದರೆ ಮಾತು ಸರಾಗ. ಊರಿನ ಸುದ್ದಿ ಹೊರಗೆ ಬಿಡದವರನ್ನೇ ಆರಿಸಿ. ಇದರಲ್ಲಿ ಮಾತ್ರ ರಾಜಿ ಬೇಡ. ಚಿಕ್ಕ ಊರುಗಳಲ್ಲಿ ಒಬ್ಬರಿಗೆ ಹೇಳಿದ್ದು ಸಂತೆಯಲ್ಲಿ ಕೇಳಿಬಂದರೆ ಆ ಮನುಷ್ಯ ಮತ್ತೆ ಬಾಯಿ ಬಿಡುವುದಿಲ್ಲ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದೆ. ಅದನ್ನು ವರ್ಷಕ್ಕೊಂದು ಸಲಕ್ಕೆ ಇಳಿಸದೆ ಮೂರು ತಿಂಗಳಿಗೊಮ್ಮೆ ಅಂತ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಎಂಟನೇ ಹೆಜ್ಜೆ: ದೇವರ ಮುಂದೆ ಇಡಿ

ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನಲ್ಲಿ ಮೊದಲ ಸಲ ಒಡಂಬಡಿಕೆಯ ನವೀಕರಣದ ಆರಾಧನೆ ನಡೆಸಿದರು. ಮುಂದೆ ಅದು ಹೊಸ ವರ್ಷಕ್ಕೆ ಬಂತು. ಮೆಥೊಡಿಸ್ಟ್ ಪರಂಪರೆಯ ಅನೇಕ ಸಭೆಗಳಲ್ಲಿ ವರ್ಷದ ಮೊದಲ ಭಾನುವಾರ ಇದು ನಡೆಯುತ್ತದೆ. ಅದರ ಪ್ರಾರ್ಥನೆಯ ಸಾರ ಇಷ್ಟು: ನಾನು ಇನ್ನು ನನ್ನವನಲ್ಲ, ನಿನ್ನವನು. ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕೆ ಇಟ್ಟರೂ ಸರಿ. ತುಂಬಿಸಿದರೂ ಸರಿ, ಬರಿದು ಮಾಡಿದರೂ ಸರಿ.

ಇದನ್ನು ಸುಲಭವಾಗಿ ಹೇಳಬೇಡಿ. ಮೂರು ಸಾಲು ಬರೆಯುವಾಗ ಯೋಜನೆ ನಮ್ಮದಾಗಿತ್ತು. ಇಲ್ಲಿ ಆ ಕಾಗದವನ್ನು ಆತನ ಕೈಗೆ ಕೊಡುತ್ತಿದ್ದೇವೆ, ತಿದ್ದುವ ಹಕ್ಕಿನ ಸಮೇತ. ಮಾರ್ಚಿನಲ್ಲಿ ಹೂಮಳೆ, ಕಾಫಿ ಹೂವಾಗಲು ಬೇಕಾದ ಮಳೆ, ಬಾರದೆ ಹೋಗಬಹುದು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿಯಬಹುದು, ಆಗ ಓದುವ ಹತ್ತು ನಿಮಿಷ ಮಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಕಳೆಯುತ್ತದೆ. ಅಂಥ ಹೊತ್ತಿನಲ್ಲಿ ರೋಗಿಯ ಕಾಲು ಒತ್ತುವುದೇ ಆ ದಿನದ ಆರಾಧನೆ, ತಪ್ಪಿದ ಓದಿಗಾಗಿ ಕೊರಗಬೇಡಿ. ಬೀಳುವುದು ಸೋಮಾರಿತನದಿಂದ ಆಗಿದ್ದರೆ, ಲೂಕ 13:6-9 ಓದಿ. ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರವನ್ನು ಕಡಿದುಹಾಕು ಅನ್ನುತ್ತಾನೆ ಯಜಮಾನ. ಈ ವರ್ಷವೂ ಇರಲಿ ಸ್ವಾಮಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ ತೋಟದ ಆಳು. ವಾರ ತಪ್ಪಿದರೆ ಹಿಂದಿನದನ್ನು ಸೇರಿಸಿ ಓದಲು ಹೋಗಬೇಡಿ. ಇವತ್ತಿನ ದಿನಾಂಕಕ್ಕೆ ಏನಿದೆಯೋ ಅಲ್ಲಿಂದ ಶುರುಮಾಡಿ.

ಕಾಗದದ ಮೂರು ಪ್ರತಿ ಮಾಡಿ. ಒಂದು ಬೀರುವಿನ ಒಳಬಾಗಿಲಿಗೆ ಅಂಟಿಸಿ. ಒಂದು ನಿಮ್ಮನ್ನು ಕೇಳುವವರ ಕೈಗೆ ಕೊಡಿ. ಇನ್ನೊಂದನ್ನು ಸತ್ಯವೇದದಲ್ಲಿ ಆದಿಕಾಂಡದ ಮೊದಲ ಪುಟದಲ್ಲಿ ಇಟ್ಟುಬಿಡಿ, ಜೂನ್ 1ಕ್ಕೆ ಮನೆಯವರೆಲ್ಲ ಓದಲು ಕೂತಾಗ ಅದು ಸಿಗುತ್ತದೆ. ಆವತ್ತು ಮೊದಲ ಅಧ್ಯಾಯ ಮುಗಿದ ಮೇಲೆ ಮೂರು ಸಾಲನ್ನೂ ಗಟ್ಟಿಯಾಗಿ ಓದಿ, ಯಾವುದು ನಡೆದಿದೆ, ಯಾವುದು ನಡೆದಿಲ್ಲ ಅಂತ ಮಕ್ಕಳನ್ನೇ ಕೇಳಿ.